ರಾಕೆಟ್ಟಿನ ಬಾಲದಲ್ಲಿ ಸೇರುವ ತೂಕ

ಎಲ್ಲರಿಗೂ ನಮಸ್ಕಾರ. ಮಕ್ಕಳು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ಬಹಳ ಸಂತೋಷ. ನಿಮ್ಮ ಜೊತೆ ಮೇಜಿನ ಮುಂದೆ ಕೂರಬೇಕಾದ ಅಪ್ಪ ಅಮ್ಮಂದಿರಿಗೂ ಈ ಮಾತು ಬೇಕು.

ಇಲ್ಲಿ ಅಮೆರಿಕದಲ್ಲಿ ಬೆಳೆದ ಮಕ್ಕಳಲ್ಲಿ ಅನೇಕರು ಶಾಲೆಯಲ್ಲೋ ಕ್ಯಾಂಪಿನಲ್ಲೋ ಒಂದು ಪುಟ್ಟ ರಾಕೆಟ್ ಹಾರಿಸಿರುತ್ತಾರೆ. ಅದು ಹಗುರ. ಅಂಟು ಸ್ವಲ್ಪ ಆಚೀಚೆ ಆದರೂ ಹಾರುತ್ತದೆ. ಅದರ ಮುಂದಿನ ಮೆಟ್ಟಿಲೇ ಮಿಡ್-ಪವರ್. ಇಲ್ಲಿ ಎಷ್ಟು ತೂಕ ಇರಬೇಕು, ಯಾವ ಮೋಟರ್ ಹಾಕಬೇಕು ಅಂತ ನೀವೇ ತೀರ್ಮಾನ ಮಾಡಬೇಕು. ಆ ಲೆಕ್ಕದಲ್ಲೇ ಇದರ ಮಜಾ ಇರುವುದು. ಅದನ್ನು ನಿಮಗೆ ದಾಟಿಸಬೇಕು ಅಂತಲೇ ಬಂದಿದ್ದೇನೆ.

ಮೊದಲು ಮೋಟರಿನ ಭಾಷೆ. ಮೋಟರ್ ಅಂದರೆ ರಾಕೆಟ್ಟನ್ನು ನೂಕುವ, ಮದ್ದು ತುಂಬಿದ ಕೊಳವೆ. ಅದರ ಶಕ್ತಿಗೆ ತಕ್ಕಂತೆ ಒಂದು ಇಂಗ್ಲಿಷ್ ಅಕ್ಷರದ ಹೆಸರಿರುತ್ತದೆ. ಅಕ್ಷರ ಒಂದು ಮುಂದಕ್ಕೆ ಹೋದಂತೆ ಮೋಟರ್ ಕೊಡಬಹುದಾದ ಒಟ್ಟು ನೂಕು ಎರಡರಷ್ಟಾಗುತ್ತದೆ. ಸಿ ಅಂದರೆ 10 ನ್ಯೂಟನ್-ಸೆಕೆಂಡಿನವರೆಗೆ. ಡಿ 20, ಇ 40, ಎಫ್ 80, ಜಿ 160. ಇ, ಎಫ್, ಜಿ ಹಾಕುವ ರಾಕೆಟ್ಟುಗಳನ್ನೇ ಮಿಡ್-ಪವರ್ ಅನ್ನುವುದು. ಎಚ್‌ನಿಂದ ಆಚೆಗೆ ಸರ್ಟಿಫಿಕೇಟ್ ಬೇಕು. ಜಿ40-7 ಅಂತ ಬರೆದಿದ್ದರೆ 40 ಅನ್ನುವುದು ಸರಾಸರಿ ನೂಕು, ನ್ಯೂಟನ್ ಲೆಕ್ಕದಲ್ಲಿ. ಕೊನೆಯ 7 ಅಂದರೆ ಉರಿದು ಮುಗಿದ ಮೇಲೆ ಪ್ಯಾರಾಶೂಟ್ ಹೊರಗೆ ತಳ್ಳುವ ಮದ್ದು ಹೊತ್ತಿಕೊಳ್ಳುವವರೆಗಿನ ಸೆಕೆಂಡುಗಳು.

ಸಣ್ಣ ಮೋಟರುಗಳಲ್ಲಿ ಕರಿಮದ್ದು ಇರುತ್ತದೆ. ದೊಡ್ಡವುಗಳಲ್ಲಿ ಸಾಮಾನ್ಯವಾಗಿ ಅಮೋನಿಯಂ ಪರ್‌ಕ್ಲೋರೇಟನ್ನು ರಬ್ಬರಿನಂಥ ಅಂಟಿನಲ್ಲಿ ಕಲಸಿದ ಇಂಧನ. ಇಸ್ರೋದ ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ ಉರಿಯುವುದೂ ಇದೇ ಜಾತಿಯದು. ಮೋಟರನ್ನು ಕಾರ್ಖಾನೆಯಿಂದಲೇ ತರಬೇಕು, ಮನೆಯಲ್ಲಿ ಮದ್ದು ಕಲಸುವ ಮಾತೇ ಇಲ್ಲ. ಈ ಹವ್ಯಾಸ ಹುಟ್ಟಿದ್ದೇ ಆ ಕಾರಣಕ್ಕೆ. 1950ರ ದಶಕದಲ್ಲಿ ಹುಡುಗರು ಮನೆಯಲ್ಲೇ ಮದ್ದು ತುಂಬಿ ಕೈ ಕಳೆದುಕೊಳ್ಳುತ್ತಿದ್ದರು. ಆಗ ನೆಬ್ರಾಸ್ಕಾದ ನಾರ್‌ಫೋಕ್‌ನಲ್ಲಿ ಚಪ್ಪಲಿ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ ತನ್ನ ಸೋದರನಿಗಾಗಿ ಮೋಟರ್ ಬದಲಾಯಿಸಿ ಮತ್ತೆ ಮತ್ತೆ ಹಾರಿಸಬಹುದಾದ ರಾಕೆಟ್ ಮಾಡಿದ. ರಾಕೆಟ್ ಬಗ್ಗೆ ಪತ್ರಿಕೆಗಳಲ್ಲಿ ಬರೆಯುತ್ತಿದ್ದ ಜಿ. ಹ್ಯಾರಿ ಸ್ಟೈನ್ ಅದನ್ನು ಊರಿಗೆಲ್ಲ ತಿಳಿಸಿದ.

ಈಗ ಕಿಟ್. ಡಬ್ಬಿಯಲ್ಲಿ ದಪ್ಪ ಕಾಗದದ ಕೊಳವೆ, ಪ್ಲಾಸ್ಟಿಕ್ ಮೂತಿ, ಪ್ಲೈವುಡ್ ರೆಕ್ಕೆಗಳು, ಮೋಟರ್ ಕೂರುವ ಸಣ್ಣ ಕೊಳವೆ, ಅದನ್ನು ನಡುವೆ ಹಿಡಿಯುವ ಉಂಗುರಗಳು, ಪ್ಯಾರಾಶೂಟ್ ಇರುತ್ತವೆ. ಕೊಳವೆಯಲ್ಲಿ ರೆಕ್ಕೆಗೆ ಸೀಳು ಇರುತ್ತದೆ. ರೆಕ್ಕೆಯ ಬುಡ ಅದರೊಳಗೆ ತೂರಿ ಮೋಟರ್ ಕೊಳವೆಗೆ ತಾಗಬೇಕು. ಅಂಟಿಸುವ ಮೊದಲು ನುಣುಪಾದ ಜಾಗವನ್ನೆಲ್ಲ ಸ್ಯಾಂಡ್‌ಪೇಪರಿನಿಂದ ಉಜ್ಜಿ ಒರಟು ಮಾಡಿ. ನುಣುಪು ಕಾಗದದ ಮೇಲೆ ಎಪಾಕ್ಸಿ ಅಂಟು ಸುಮ್ನೆ ಕೂತಿರುತ್ತದೆ, ಕಚ್ಚುವುದಿಲ್ಲ.

ಆಮೇಲೆ ಫಿಲೆಟ್, ಅಂದರೆ ರೆಕ್ಕೆ ಕೊಳವೆಗೆ ಸೇರುವ ಮೂಲೆಯಲ್ಲಿ ಎಳೆಯುವ ಅಂಟಿನ ಪಟ್ಟಿ. ಕೊಳವೆಯನ್ನು ಅಡ್ಡ ಮಲಗಿಸಿ. ಒಂದು ಜೋಡಿ ರೆಕ್ಕೆಯ ನಡುವಿನ ಜಾಗ ಮೇಲ್ಮುಖವಾಗಿರಲಿ. ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ. ಎಪಾಕ್ಸಿ ಸುರಿದು, ಕೈಗವಸು ಹಾಕಿದ ಬೆರಳನ್ನು ರಬ್ಬಿಂಗ್ ಆಲ್ಕೋಹಾಲಿನಲ್ಲಿ ಅದ್ದಿ, ಈ ತುದಿಯಿಂದ ಆ ತುದಿಗೆ ಒಂದೇ ಸಲ ಎಳೆಯಿರಿ. ಅಂಟು ಗಟ್ಟಿಯಾಗುವ ಮೊದಲೇ ಟೇಪ್ ಕಿತ್ತುಬಿಡಿ. ಮೂಲೆ ಕನ್ನಡಿಯಂತೆ ಹೊಳೆಯುತ್ತದೆ. ಈ ಕೆಲಸ ನನಗೆ ತುಂಬ ಇಷ್ಟ.

ಇಷ್ಟ ಅಂತ ಜಾಸ್ತಿ ಬಳಿಯಬಾರದು. ಮೂರು ರೆಕ್ಕೆಗೆ ಆರು ಫಿಲೆಟ್. ಒಂದೊಂದರಲ್ಲೂ 4 ಗ್ರಾಂ ಹೆಚ್ಚಾದರೆ ಒಟ್ಟು ಸುಮಾರು 25 ಗ್ರಾಂ. ಅದು ಸೇರುವುದು ಬಾಲಕ್ಕೆ. ರಾಕೆಟ್ಟನ್ನು ಬೆರಳ ಮೇಲಿಟ್ಟರೆ ಯಾವ ಕಡೆಗೂ ವಾಲದೆ ನಿಲ್ಲುವ ಜಾಗವೇ ತೂಕದ ಕೇಂದ್ರ. ತೂಕದ ಕೇಂದ್ರಕ್ಕಿಂತ 40 ಸೆಂ.ಮೀ. ಹಿಂದೆ ಅಷ್ಟು ಸೇರಿದರೆ, 700 ಗ್ರಾಂ ರಾಕೆಟ್ಟಿನ ಕೇಂದ್ರ ಸುಮಾರು 1.4 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ಜಿ ಮೋಟರೇ ನೂರಿಪ್ಪತ್ತು ಗ್ರಾಂ ಆಸುಪಾಸು ಇರುತ್ತದೆ, ಅದೂ ಬಾಲದಲ್ಲೇ. ಬಣ್ಣದ ತೂಕವನ್ನಂತೂ ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು? ಗಾಳಿ ರಾಕೆಟ್ಟನ್ನು ಪಕ್ಕಕ್ಕೆ ತಳ್ಳುವ ಬಲವೆಲ್ಲ ಒಂದು ಬಿಂದುವಿನಲ್ಲಿ ಕೂಡುತ್ತದೆ. ತೂಕದ ಕೇಂದ್ರ ಅದಕ್ಕಿಂತ ಮುಂದೆ, ಮೂತಿಯ ಕಡೆ, ಕನಿಷ್ಠ ಒಂದು ಕೊಳವೆಯ ಅಗಲದಷ್ಟು ದೂರ ಇರಬೇಕು. ಇದ್ದರೆ ವಾಲಿದ ಮೂತಿ ತಾನೇ ಸರಿಹೋಗುತ್ತದೆ. ಇದು ತಲೆಕೆಳಗಾದರೆ ರಾಕೆಟ್ ಆಕಾಶದಲ್ಲಿ ಪಲ್ಟಿ ಹೊಡೆಯುತ್ತದೆ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳಲ್ಲಿ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದರಲ್ಲ, ನಮ್ಮ ರೆಕ್ಕೆಗಳ ಕೆಲಸವನ್ನು ಅಲ್ಲಿ ಆ ಬಿದಿರು ಮಾಡುತ್ತಿತ್ತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಹಾಳು ಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಊರಿಗೆ ಹೋದಾಗ ಮಕ್ಕಳಿಗೆ ಶಿವಮೊಗ್ಗದ ಮ್ಯೂಸಿಯಂ ತೋರಿಸಿ.

ಗಾಳಿಯ ಬಿಂದುವನ್ನು ಲೆಕ್ಕ ಹಾಕುವ ಸುಲಭ ಸೂತ್ರಗಳನ್ನು 1966ರಲ್ಲಿ ಹವ್ಯಾಸಿಗಳ ಕೈಗೆ ಕೊಟ್ಟವರು ಜೇಮ್ಸ್ ಬ್ಯಾರೋಮನ್. ಇವತ್ತು ಓಪನ್‌ರಾಕೆಟ್ ಅನ್ನುವ ಉಚಿತ ತಂತ್ರಾಂಶ ಆ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಡಬ್ಬಿಯ ಮೇಲಿನ ತೂಕ ಕೊಡಬೇಡಿ. ಅಂಟು, ಬಣ್ಣ, ಪ್ಯಾರಾಶೂಟ್ ಎಲ್ಲ ಸೇರಿದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬಂದ ಅಂಕಿ ಕೊಡಿ.

ಬಾಲ ಭಾರವಾಗಿದ್ದರೆ ಮೂತಿಗೆ ತೂಕ ತುಂಬಬಹುದು. ಅದೂ ಪುಕ್ಕಟೆ ಅಲ್ಲ. 700 ಗ್ರಾಂ ರಾಕೆಟ್ 40 ನ್ಯೂಟನ್ ನೂಕಿನಲ್ಲಿ 1.8 ಮೀಟರ್ ರೈಲ್, ಅಂದರೆ ನೆಟ್ಟಗೆ ಏರಲು ಆಸರೆಯಾಗುವ ಕಂಬಿ, ಬಿಡುವಾಗ ಸೆಕೆಂಡಿಗೆ ಸುಮಾರು 13 ಮೀಟರ್ ವೇಗದಲ್ಲಿರುತ್ತದೆ. ಆ ವೇಗಕ್ಕೆ ರೆಕ್ಕೆಗಳು ಗಾಳಿಯನ್ನು ಹಿಡಿಯುತ್ತವೆ. ಅದೇ ರಾಕೆಟ್ 1.1 ಕೆ.ಜಿ. ಆದರೆ 10 ಮೀಟರೂ ದಾಟುವುದಿಲ್ಲ, ಒಂದು ಬೀಸುಗಾಳಿ ಸಾಕು ವಾಲಿಸಲಿಕ್ಕೆ. ನೂಕು ತೂಕದ ಐದು ಪಟ್ಟಾದರೂ ಇರಲಿ ಅಂತ ಹಳಬರು ಹೇಳುವುದು ಇದಕ್ಕೇ.

ಭಾರ ಹೆಚ್ಚಿದರೆ ಆ 7 ಸೆಕೆಂಡಿನ ಲೆಕ್ಕವೂ ಕೆಡುತ್ತದೆ. ರಾಕೆಟ್ ಬೇಗನೇ ತುದಿ ಮುಟ್ಟಿ ಕೆಳಮುಖವಾಗಿ ವೇಗ ಹಿಡಿದಿರುತ್ತದೆ. ಆ ವೇಗದಲ್ಲಿ ಪ್ಯಾರಾಶೂಟ್ ಬಿಚ್ಚಿದರೆ ಹಗ್ಗ ಕೊಳವೆಯನ್ನೇ ಸೀಳುತ್ತದೆ.

ಹಾರಿಸುವ ದಿನ ರಾಕೆಟ್ ಕ್ಲಬ್ಬಿನವರ ಮೈದಾನಕ್ಕೇ ಹೋಗಿ. ಜಿ ಮೋಟರಿಗೆ ಕನಿಷ್ಠ 1000 ಅಡಿ ಅಗಲದ ಬಯಲು ಬೇಕು. ಹೊತ್ತಿಸುವುದು ಕರೆಂಟಿನಿಂದ, 30 ಅಡಿ ದೂರ ನಿಂತು. ಗುಂಡಿ ಒತ್ತಿದರೂ ಹೊತ್ತದಿದ್ದರೆ ಸುರಕ್ಷತಾ ಕೀಲಿ ತೆಗೆದು ಒಂದು ನಿಮಿಷ ಕಾಯಿರಿ, ಆಮೇಲಷ್ಟೇ ಹತ್ತಿರ ಹೋಗಿ. ಇಳಿಯುವಾಗ ಮುಕ್ಕಾಲು ಮೀಟರ್ ಅಗಲದ ಪ್ಯಾರಾಶೂಟ್ ಇದ್ದರೆ ವೇಗ ಸೆಕೆಂಡಿಗೆ 5–6 ಮೀಟರ್. 400 ಮೀಟರಿನಿಂದ ಇಳಿಯಲು ಒಂದು ನಿಮಿಷಕ್ಕೂ ಜಾಸ್ತಿ ಬೇಕು. ಗಾಳಿ ಸೆಕೆಂಡಿಗೆ 4 ಮೀಟರ್ ಇದ್ದರೆ ಅಷ್ಟರಲ್ಲಿ ಅದು ಮುನ್ನೂರು ಮೀಟರಿನ ಹತ್ತಿರ ತೇಲಿಹೋಗಿರುತ್ತದೆ. ಕರೆಂಟ್ ತಂತಿಗೆ ಸಿಕ್ಕಿಕೊಂಡರೆ ರಾಕೆಟ್ಟಿನ ಆಸೆ ಬಿಟ್ಟುಬಿಡಿ.

ಮೇಜಿನ ಮೇಲೆ ಒಂದು ಕಿಟ್ ಕಟ್ಟಿ ತಂದಿದ್ದೇನೆ. ಮೋಟರ್ ಇಲ್ಲ, ಅಷ್ಟೇ ತೂಕದ ಮರಳನ್ನು ಕಾಗದದ ಕೊಳವೆಯಲ್ಲಿ ತುಂಬಿ ಇಟ್ಟಿದ್ದೇನೆ. ಒಬ್ಬೊಬ್ಬರಾಗಿ ಬನ್ನಿ ಮಕ್ಕಳೇ, ಬೆರಳ ಮೇಲಿಟ್ಟು ತೂಕದ ಕೇಂದ್ರ ಎಲ್ಲಿದೆ ಹುಡುಕಿ, ಪೆನ್ಸಿಲಿನಲ್ಲಿ ಗುರುತು ಹಾಕಿ.