ಏರ್‌ಬ್ಯಾಗಿನ ಒಳಮೈ

ನಮಸ್ಕಾರ. ಏರ್‌ಬ್ಯಾಗ್ ಕಂಡುಹಿಡಿದವರು ಯಾರು ಅಂತ ಕೇಳಿದರೆ ಥಟ್ಟನೆ ಸಿಗುವ ಹೆಸರು ಜಾನ್ ಹೆಟ್ರಿಕ್. ಅಮೆರಿಕದ ಎಂಜಿನಿಯರ್. 1952ರಲ್ಲಿ ಹೆಂಡತಿ, ಮಗಳ ಜೊತೆ ಕಾರಿನಲ್ಲಿ ಹೋಗುವಾಗ ಎದುರಿಗೊಂದು ಬಂಡೆ. ಗಕ್ಕನೆ ಬ್ರೇಕ್ ಹಾಕಿ ಕಾರು ತಿರುಗಿಸಿದರು. ಆ ಕ್ಷಣ ಗಂಡ ಹೆಂಡತಿ ಇಬ್ಬರೂ ಕೈ ಚಾಚಿ ಮಗಳನ್ನು ಹಿಡಿದರು. ಆ ಕೈಗಳ ಕೆಲಸವನ್ನು ಗಾಳಿ ತುಂಬಿದ ಚೀಲ ಮಾಡಬಾರದೇ ಅನ್ನಿಸಿತು. 1953ರ ಆಗಸ್ಟ್‌ನಲ್ಲಿ ಪೇಟೆಂಟ್ ಸಿಕ್ಕಿತು. ಜರ್ಮನಿಯ ವಾಲ್ಟರ್ ಲಿಂಡರರ್‌ಗೂ ಅದೇ ಹೊತ್ತಿಗೆ ಇದೇ ಯೋಚನೆ ಹೊಳೆದಿತ್ತು.

ಒಳ್ಳೇ ಕಥೆ. ನನ್ನ ತಕರಾರು ಇಲ್ಲೇ ಶುರು. ಚೀಲ ಬೇಕು ಅಂದವರ ಹೆಸರು ಗೊತ್ತು. ಅದರಲ್ಲಿ ಗಾಳಿ ನಿಲ್ಲುವ ಹಾಗೆ ಮಾಡಿದವರ ಹೆಸರು ಯಾರಿಗಾದರೂ ಗೊತ್ತಾ? ಏರ್‌ಬ್ಯಾಗ್ ಇರುವ ಕಾರು ಮಾರಾಟಕ್ಕೆ ಬಂದದ್ದು 1973ರಲ್ಲಿ. ಅಷ್ಟರಲ್ಲಿ ಹೆಟ್ರಿಕ್ ಪೇಟೆಂಟಿನ 17 ವರ್ಷದ ಅವಧಿಯೂ ಮುಗಿದಿತ್ತು, ಪಾಪ. ಐಡಿಯಾ ಒಂದೇ ಸಾಕಾಗಿದ್ದರೆ ಇಷ್ಟು ವರ್ಷ ಯಾಕೆ ಬೇಕಿತ್ತು?

ಬಟ್ಟೆಯನ್ನೇ ನೋಡಿ. ನೇಯ್ದ ನೈಲಾನ್. ನೇಯ್ದದ್ದು ಅಂದಮೇಲೆ ಎಳೆಗಳ ನಡುವೆ ಸಂದಿ ಇದ್ದೇ ಇರುತ್ತದೆ. ಚೀಲ ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬಬೇಕು, ತುಂಬುವ ಅನಿಲವೋ ಸುಡುಸುಡು ಬಿಸಿ. ಸಂದಿಯಲ್ಲಿ ಅದು ನುಗ್ಗಿದರೆ ಎದುರಿಗಿರುವುದು ಮನುಷ್ಯನ ಮುಖ. ಅದಕ್ಕೇ ಎಷ್ಟೋ ಚೀಲಗಳ ಒಳಮೈಗೆ ರಬ್ಬರ್ ಬಳಿಯುವುದು. ಮೊದಮೊದಲು ನಿಯೋಪ್ರೀನ್ ಅನ್ನುವ ಕೃತಕ ರಬ್ಬರ್ ಬಳಿಯುತ್ತಿದ್ದರು. ಅದು ಭಾರ, ಮಡಚಿಟ್ಟರೆ ಅಂಟಿಕೊಳ್ಳುತ್ತದೆ ಅಂತ ಪುಡಿ ಬೇರೆ ಉದುರಿಸಬೇಕು. ಆಮೇಲೆ ಸಿಲಿಕೋನ್ ರಬ್ಬರ್ ಬಂತು. ಚದರ ಮೀಟರಿಗೆ 30 ಗ್ರಾಂ ಆಸುಪಾಸು ಸಾಕು.

ಬಳಿಯೋದು ಅಂದರೆ ಬ್ರಷ್ ಹಿಡಿದು ಕೂರೋದಲ್ಲ. ಬಟ್ಟೆ ರೋಲಿನಿಂದ ಬಿಚ್ಚಿಕೊಂಡು ಓಡುತ್ತಲೇ ಇರುತ್ತದೆ. ಅದರ ಮೇಲೆ ಅಡ್ಡಕ್ಕೆ ಉದ್ದನೆಯ ಬ್ಲೇಡ್. ಬ್ಲೇಡಿನ ಮುಂದೆ ಮಂದವಾದ ಸಿಲಿಕೋನ್ ಗುಡ್ಡೆ, ಹಗ್ಗ ಹೊಸೆದ ಹಾಗೆ ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ. ಬ್ಲೇಡ್ ದಾಟಿ ಹೋಗುವುದು ತಲೆಗೂದಲಿಗಿಂತ ತೆಳ್ಳಗಿನ ಪದರ. ಅಲ್ಲಿಂದ ಸೀದಾ ಓವನ್ನಿಗೆ. ಬಟ್ಟೆ ಒಂದು ಕಡೆ ಸಡಿಲವಾಯಿತೋ, ಆ ಕಡೆ ಪದರ ದಪ್ಪ. ಓಟ ಜಾಸ್ತಿಯಾಯಿತೋ, ಬಟ್ಟೆ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ. ಒಂದು ಗುಳ್ಳೆ ಸಿಕ್ಕಿಕೊಂಡರೆ ಸೂಜಿಮೊನೆಯಷ್ಟು ತೂತು. ಕಾಗದಕ್ಕೆ, ಫಿಲ್ಮಿಗೆ, ಅಂಟುಪಟ್ಟಿಗೆ ಕೋಟಿಂಗ್ ಮಾಡುವವರಿಗೂ ಇದೇ ತಲೆನೋವು. ಈ ಗುಳ್ಳೆಯ ಜೊತೆ ಗುದ್ದಾಡಿದವರ ಪೇಟೆಂಟುಗಳು ರಾಶಿ ರಾಶಿ ಇವೆ. ಯಾರೂ ಅವರ ಕಥೆ ಹೇಳುವುದಿಲ್ಲ. ಬಂಡೆ, ಮಗಳು, ಚಾಚಿದ ಕೈ ಅಲ್ಲಿಲ್ಲ, ಅಲ್ವಾ?

ತಮಾಷೆ ನೋಡಿ. ಸ್ಟೀರಿಂಗಿನಲ್ಲಿರುವ ಚೀಲದ ಹಿಂಬದಿಗೆ ಬೇಕಂತಲೇ ತೂತು ಬಿಟ್ಟಿರುತ್ತಾರೆ. ತಲೆ ಒರಗಿದಾಗ ಅನಿಲ ಹೊರಗೆ ಹೋಗಿ ಚೀಲ ಮೆತ್ತಗಾಗಲಿ ಅಂತ. ಕಿಟಕಿ ಮೇಲಿಂದ ಇಳಿಯುವ ಪರದೆಯಂಥ ಚೀಲದ್ದು ಉಲ್ಟಾ ಕೆಲಸ. ಕಾರು ಪಲ್ಟಿ ಹೊಡೆಯುವಷ್ಟು ಹೊತ್ತೂ, ಅಂದರೆ ಹಲವು ಸೆಕೆಂಡು, ಅದು ಉಬ್ಬಿಕೊಂಡೇ ಇರಬೇಕು. ಆ ಬಟ್ಟೆ ಬ್ಲೇಡಿನ ಕೆಳಗೆ ಓಡುವಾಗ ಗುಳ್ಳೆಗೆ ಮಾಫಿ ಇಲ್ಲ.