ಚಿಕ್ಕಮ್ಮನ ಮಾತ್ರೆಗೆ 16ನೇ ರ‍್ಯಾಂಕ್

ನಮಸ್ಕಾರ. ಹೋದ ತಿಂಗಳು ಒಂದು ದಿನ ರಾತ್ರಿ ಹತ್ತೂವರೆಗೆ ಚಿಕ್ಕಮ್ಮನ ಫೋನ್. "ನೋಡೋ, ನನ್ನ ಮಾತ್ರೆ 16ನೇ ನಂಬರ್ ಅಂತೆ. ಡಾಕ್ಟ್ರು ನಂಗ್ಯಾಕೆ ಒಂದನೇ ನಂಬರಿಂದು ಕೊಡ್ಲಿಲ್ಲ?"

ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಒಂದು ಪಟ್ಟಿ ಹಾಕಿದ್ದರು. ಖಿನ್ನತೆಗೆ ಕೊಡುವ 21 ಔಷಧಿಗಳು, ಮೇಲಿಂದ ಕೆಳಕ್ಕೆ, ಥೇಟ್ ಐಪಿಎಲ್ ಪಾಯಿಂಟ್ಸ್ ಟೇಬಲ್. ಚಿಕ್ಕಮ್ಮ ಎಂಟು ತಿಂಗಳಿಂದ ತೆಗೆದುಕೊಳ್ಳುತ್ತಿರುವುದು ಫ್ಲೂಆಕ್ಸೆಟಿನ್. ಬೆಳಿಗ್ಗೆ ಎದ್ದು ಬಾಗಿಲಿಗೆ ರಂಗೋಲಿ ಹಾಕುವಷ್ಟು ಚೇತರಿಸಿಕೊಂಡಿದ್ದಾರೆ. ಅವರನ್ನು ಕೇಳಿಯೇ ಇದನ್ನೆಲ್ಲ ಹೇಳುತ್ತಿದ್ದೇನೆ. ಅಷ್ಟು ಚೆನ್ನಾಗಿದ್ದವರ ನಿದ್ದೆಯನ್ನು ಒಂದು ಸ್ಕ್ರೀನ್‌ಶಾಟ್ ಕೆಡಿಸಿತ್ತು.

ಪಟ್ಟಿ ಸುಳ್ಳಲ್ಲ. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದ್ದು. ಆಕ್ಸ್‌ಫರ್ಡ್‌ನ ಆಂಡ್ರಿಯಾ ಚಿಪ್ರಿಯಾನಿ ಮತ್ತು ಅವರ ತಂಡದ ಕೆಲಸ. 522 ಪ್ರಯೋಗಗಳು, 1,16,477 ಜನ. ಇಷ್ಟನ್ನೂ ಒಟ್ಟು ಹಾಕಿ ಲೆಕ್ಕ ಮಾಡಿದ್ದಾರೆ. ಈ ವಿಧಾನಕ್ಕೆ ನೆಟ್‌ವರ್ಕ್ ಮೆಟಾ ಅನಾಲಿಸಿಸ್ ಅಂತ ಹೆಸರು. ಹೆಸರು ಕೇಳಿ ಹೆದರಬೇಡಿ. ಸಂತೆಗೆ ಹೋಗೋಣ ಬನ್ನಿ.

ಒಬ್ಬನ ಹತ್ತಿರ ಹಲಸಿನ ಹಣ್ಣಿದೆ. ಆಚೆ ಬೀದಿಯಲ್ಲಿ ಇನ್ನೊಬ್ಬನ ಹತ್ತಿರ ಕುಂಬಳಕಾಯಿ. ಎರಡನ್ನೂ ಯಾರೂ ಒಂದೇ ತಕ್ಕಡಿಯಲ್ಲಿ ಇಟ್ಟಿಲ್ಲ. ಆದರೆ ಇಬ್ಬರೂ ಐದು ಕೆಜಿ ಕಲ್ಲಿಟ್ಟು ತೂಗಿದ್ದಾರೆ. ಹಲಸು ಕಲ್ಲಿಗಿಂತ ಎಷ್ಟು ಜಾಸ್ತಿ, ಕುಂಬಳ ಕಲ್ಲಿಗಿಂತ ಎಷ್ಟು ಜಾಸ್ತಿ ಅಂತ ಗೊತ್ತಾದರೆ, ಹಲಸು ಹೆಚ್ಚೋ ಕುಂಬಳ ಹೆಚ್ಚೋ ಅಂತ ಮನೆಯಲ್ಲಿ ಕೂತೇ ಹೇಳಬಹುದು. ಅಲ್ವಾ? 21 ಔಷಧಿಗಳನ್ನು ಒಂದಕ್ಕೊಂದು ನೇರವಾಗಿ ಹೋಲಿಸಬೇಕೆಂದರೆ 210 ಜೋಡಿ ಆಗುತ್ತದೆ. ಅಷ್ಟು ಪ್ರಯೋಗ ಯಾರು ಮಾಡುತ್ತಾರೆ? ಹಾಗಾಗಿ ಈ ಕಲ್ಲಿನ ಉಪಾಯ. ಇಲ್ಲಿ ಕಲ್ಲು ಅಂದರೆ ಹೆಚ್ಚಾಗಿ ಪ್ಲಸೀಬೊ, ಔಷಧಿಯೇ ಇಲ್ಲದ ಸುಳ್ಳು ಮಾತ್ರೆ.

ಒಳ್ಳೆಯ ಉಪಾಯವೇ. ಆದರೆ ಎರಡೂ ಬೀದಿಯ ಕಲ್ಲು ಒಂದೇ ತೂಕ ಇರಬೇಕು. ಇಲ್ಲಿ ಹಾಗಿಲ್ಲ. ಹಳೆಯ ಕಾಲದ ಪ್ರಯೋಗಗಳಲ್ಲಿ ಸುಳ್ಳು ಮಾತ್ರೆ ನುಂಗಿ ಸುಧಾರಿಸಿದವರು ಕಡಿಮೆ. ಬರುಬರುತ್ತಾ ಅವರ ಸಂಖ್ಯೆ ಏರಿತು. ಕಲ್ಲೇ ಭಾರ ಆಯಿತು. ಪಟ್ಟಿಯಲ್ಲಿ ಮೊದಲ ಜಾಗ ಅಮಿಟ್ರಿಪ್ಟಿಲಿನ್‌ಗೆ. ಅದು 1960ರ ದಶಕದಿಂದ ಇರುವ ಔಷಧಿ. ಹಗುರ ಕಲ್ಲಿನ ಕಾಲದ್ದು. ಅದರ ಮೊದಲ ಸ್ಥಾನವನ್ನು ನಾನು ಪೂರ್ತಿ ನಂಬುವುದಿಲ್ಲ.

ಇನ್ನು ಅಂಕಿ ನೋಡಿ. ಔಷಧಿ ಸುಳ್ಳು ಮಾತ್ರೆಗಿಂತ ಎಷ್ಟು ಮೇಲು ಅಂತ ತೋರಿಸುವ ಅಂಕಿ. ಇಲ್ಲಿ 1 ಬಂದರೆ ಔಷಧಿಯೂ ಸುಳ್ಳು ಮಾತ್ರೆಯೂ ಸಮ. ಅಮಿಟ್ರಿಪ್ಟಿಲಿನ್ 2.13. ಎರಡು ಪಟ್ಟು ಜನಕ್ಕೆ ಗುಣ ಅಂತ ಓದಿಕೊಳ್ಳಬೇಡಿ, ಆ ಲೆಕ್ಕವೇ ಬೇರೆ. ಎಸ್ಸಿಟಲೋಪ್ರಾಮ್ 1.68, ಸೆರ್ಟ್ರಾಲಿನ್ 1.67. ಚಿಕ್ಕಮ್ಮನದು 1.52. ಮಧ್ಯದಲ್ಲಿರುವವರೆಲ್ಲ ಹಬ್ಬದ ದಿನದ ಬಿಎಂಟಿಸಿ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿದ್ದಾರೆ. ಪ್ರತಿ ಅಂಕಿಯ ಜೊತೆಗೂ, ನಿಜವಾದ ಅಂಕಿ ಇಷ್ಟರಿಂದ ಇಷ್ಟರೊಳಗೆ ಇರಬಹುದು ಅನ್ನುವ ಒಂದು ಅಂದಾಜು ಇರುತ್ತದೆ. ಅದನ್ನೂ ನೋಡಿದರೆ ಯಾರು ಎಂಟನೆಯವರು, ಯಾರು ಹತ್ತನೆಯವರು ಅನ್ನುವುದಕ್ಕೆ ಅರ್ಥವೇ ಇಲ್ಲ. ಸ್ಕ್ರೀನ್‌ಶಾಟಿನಲ್ಲಿ ಅದನ್ನೇ ಕತ್ತರಿಸಿ ಹಾಕಿದ್ದರು!

ಅದೇ ಅಧ್ಯಯನದಲ್ಲಿ ಇನ್ನೊಂದು ಪಟ್ಟಿಯೂ ಇದೆ. ಎಷ್ಟು ಜನ ಔಷಧಿಯನ್ನು ಅರ್ಧಕ್ಕೇ ಬಿಟ್ಟರು ಅನ್ನುವ ಲೆಕ್ಕ. 21ರಲ್ಲಿ ಎರಡು ಔಷಧಿಗಳನ್ನು ಮಾತ್ರ ಸುಳ್ಳು ಮಾತ್ರೆಗಿಂತಲೂ ಕಡಿಮೆ ಜನ ಬಿಟ್ಟಿದ್ದರು. ಒಂದು ಅಗೊಮೆಲಟಿನ್. ಇನ್ನೊಂದು ಯಾವುದು ಹೇಳಿ? ಚಿಕ್ಕಮ್ಮನ ಫ್ಲೂಆಕ್ಸೆಟಿನ್. ಒಂದು ಪಟ್ಟಿಯಲ್ಲಿ ಹಿಂದಿನ ಬೆಂಚು, ಇನ್ನೊಂದರಲ್ಲಿ ಮುಂದಿನ ಬೆಂಚು. ಫ್ಯಾಮಿಲಿ ಗ್ರೂಪಿಗೆ ಮಾತ್ರ ಒಂದೇ ಪಟ್ಟಿ ಬಂತು. ಅಮಿಟ್ರಿಪ್ಟಿಲಿನ್ ತೆಗೆದುಕೊಂಡವರನ್ನು ಕೇಳಿ, ಬಾಯಿ ಒಣಗುವುದು, ಹಗಲೆಲ್ಲ ತೂಕಡಿಕೆ, ಮಲಬದ್ಧತೆ, ಎಲ್ಲ ಹೇಳುತ್ತಾರೆ. ಜಾಸ್ತಿ ನುಂಗಿದರೆ ಹೃದಯಕ್ಕೇ ಅಪಾಯ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಒಟ್ಟು ಹಾಕುವವರಿಗೆ ಸಿಗುವುದು ಕಣ್ಣಿಗೆ ಬಿದ್ದ ಪ್ರಯೋಗಗಳು ಮಾತ್ರ. 2008ರಲ್ಲಿ ಎರಿಕ್ ಟರ್ನರ್ ಎಂಬ ಅಮೆರಿಕದ ಮನೋವೈದ್ಯರು ಒಂದು ಕೆಲಸ ಮಾಡಿದರು. ಇದೇ ಬಗೆಯ 12 ಔಷಧಿಗಳ ಬಗ್ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯ ಕಡತಗಳಲ್ಲಿದ್ದ 74 ಪ್ರಯೋಗಗಳನ್ನು ತೆಗೆದು, ಪ್ರಕಟವಾದವುಗಳ ಪಕ್ಕ ಇಟ್ಟರು. ಔಷಧಿ ಕೆಲಸ ಮಾಡಿತು ಅಂತ ಸಂಸ್ಥೆ ಒಪ್ಪಿದ್ದು 38. ಅದರಲ್ಲಿ 37 ಪ್ರಕಟವಾಗಿವೆ. ಉಳಿದ 36ರಲ್ಲಿ ಫಲಿತಾಂಶ ಕೆಟ್ಟದಾಗಿತ್ತು ಅಥವಾ ಅನುಮಾನದ್ದಾಗಿತ್ತು. ಅದರಲ್ಲಿ 22 ಬೆಳಕನ್ನೇ ಕಾಣಲಿಲ್ಲ. 11 ಪ್ರಕಟವಾದವು, ಆದರೆ ಗೆದ್ದ ಹಾಗೆ ಬರೆದುಕೊಂಡು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಮೂರೇ ಮೂರು.

ಫೇಲಾದ ಮಾರ್ಕ್ಸ್ ಕಾರ್ಡನ್ನು ಹಾಸಿಗೆ ಕೆಳಗೆ ಬಚ್ಚಿಟ್ಟು, ಪಾಸಾದವನ್ನಷ್ಟೇ ಅಪ್ಪನ ಮುಂದೆ ಹಿಡಿದ ಹಾಗಾಯಿತು ಇದು. ಎಷ್ಟೇ ಜಾಣ ಲೆಕ್ಕ ಹಾಕಿದರೂ ಹಾಸಿಗೆ ಕೆಳಗಿರುವುದನ್ನು ಕೂಡಿಸಲು ಬರುವುದಿಲ್ಲ. 2018ರ ತಂಡ ಪ್ರಕಟವಾಗದ ಮಾಹಿತಿಯನ್ನೂ ಹುಡುಕಿ ಹುಡುಕಿ ಸೇರಿಸಿದೆ. ಅದಕ್ಕೇ ಅವರ ಮೇಲೆ ನನಗೆ ಗೌರವ. 21 ಔಷಧಿಗಳೂ ಸುಳ್ಳು ಮಾತ್ರೆಗಿಂತ ಮೇಲು ಅನ್ನುವ ಅವರ ಮುಖ್ಯ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಒಂದು, ಎರಡು, ಮೂರು ಅನ್ನುವ ಅಂಕಣವನ್ನು ಜನರ ಮುಂದೆ ಇಡಲೇಬಾರದಿತ್ತು. ಯಾರು ಏನೇ ಅನ್ನಲಿ, ನನ್ನ ಅಭಿಪ್ರಾಯ ಇದೇ.

ಚಿಕ್ಕಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. ಸುಮ್ನೆ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳೋಣ ಅಂದೆ. ಆಮೇಲೆ ಒಂದು ಮಾತು ಸೇರಿಸಿದೆ: ಆ ಪಟ್ಟಿ ಅಳೆದಿರುವುದು ಹೆಚ್ಚುಕಮ್ಮಿ ಮೊದಲ ಎಂಟು ವಾರಗಳನ್ನು.

"ಎಂಟು ವಾರಾನಾ? ನಂದು ಎಂಟು ತಿಂಗಳಾಯ್ತಲ್ಲೋ!"

ಈಗ ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ, ಡಾಕ್ಟರನ್ನು ಕೇಳುವುದಕ್ಕೆ. ಇನ್ನೂ ಎಷ್ಟು ದಿನ ತಗೋಬೇಕು? ಬಿಡೋದಾದ್ರೆ ಹೇಗೆ ಬಿಡೋದು? ನಂಬರ್ ಬಗ್ಗೆ ಅದರಲ್ಲಿ ಏನೂ ಇಲ್ಲ.