ಜಿಯೋಕ್ಯಾಶ್ ಹುಡುಕುವಾಗ ಪೊಲೀಸ್ ಬಂದ್ರೆ, ಬಾಂಬ್ ದಳ ಬಂದ್ರೆ

ನಮಸ್ಕಾರ. 2011ರ ಜುಲೈ. ಇಂಗ್ಲೆಂಡಿನ ಪಶ್ಚಿಮ ಯಾರ್ಕ್‌ಶೈರ್‌ನಲ್ಲಿ ವೆದರ್‌ಬಿ ಅನ್ನೋ ಸಣ್ಣ ಪೇಟೆ. ಕೆಫೆಯೊಂದರ ಹೊರಗೆ ಯಾರೋ ಬಗ್ಗಿ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇಟ್ಟದ್ದು ನೋಡಿದವರಿಗೆ ಅನುಮಾನ ಬಂತು, ಪೊಲೀಸರಿಗೆ ಫೋನ್ ಹೋಯ್ತು. ಬೀದಿ ಖಾಲಿ ಮಾಡಿಸಿದ್ರು. ಸೇನೆಯ ಬಾಂಬ್ ನಿಷ್ಕ್ರಿಯ ದಳ ಬಂದು ಡಬ್ಬಿಯನ್ನ ಸ್ಫೋಟಿಸಿತು. ಅದು ಜಿಯೋಕ್ಯಾಶ್ ಆಗಿತ್ತು.

ಜಿಯೋಕ್ಯಾಶಿಂಗ್ ಅನ್ನೋದು 2000ದ ಮೇ 3ರಂದು ಅಮೆರಿಕದ ಒರೆಗಾನ್‌ನಲ್ಲಿ ಬಚ್ಚಿಟ್ಟ ಒಂದು ಬಕೆಟ್‌ನಿಂದ ಶುರುವಾದ ಆಟ. ಜಿಪಿಎಸ್ ಹಿಡಿದು, ಬೇರೆಯವರು ಬಚ್ಚಿಟ್ಟ ಡಬ್ಬಿ, ಅಂದ್ರೆ ಜಿಯೋಕ್ಯಾಶ್, ಹುಡುಕಿ, ಒಳಗಿರೋ ಲಾಗ್ ಚೀಟಿಯಲ್ಲಿ ಹೆಸರು ಬರೆದು, ಇದ್ದ ಜಾಗದಲ್ಲೇ ಇಟ್ಟು ಬರಬೇಕು. ಬಯಲಲ್ಲಿ ಕೂಡ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತೆ. ಅದಕ್ಕೇ ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ಬಗ್ಗಿ ನೋಡ್ತೀವಿ. ಈ ಆಟ ಗೊತ್ತಿಲ್ಲದ ಅಂಗಡಿಯವರಿಗೆ ಇದು ಹೇಗೆ ಕಾಣುತ್ತೆ ಅನ್ನೋದೇ ಇವತ್ತಿನ ವಿಷಯ.

ಮೊದಲು ಡಬ್ಬಿ. ಅಪಾಯ ಶುರುವಾಗೋದು ಅಲ್ಲಿಂದಲೇ. ಎರಡೂ ಕಡೆ ಮುಚ್ಚಳ ಹಾಕಿದ ಪಿವಿಸಿ ಪೈಪು, ಕಪ್ಪು ಟೇಪು ಸುತ್ತಿದ ಪೊಟ್ಟಣ, ತಂತಿ ಹೊರಗೆ ಕಾಣೋ ಪೆಟ್ಟಿಗೆ, ಸೇನೆಯ ಅಕ್ಷರಗಳು ಹಾಗೇ ಉಳಿದಿರೋ ಮದ್ದುಗುಂಡಿನ ಪೆಟ್ಟಿಗೆ: ಇಂಥದ್ದು ಕಂಡಾಗ ಬಾಂಬ್ ದಳದವರು ಮುಚ್ಚಳ ತೆಗೆದು ನೋಡಲ್ಲ. ರೋಬೋಟ್ ಕಳಿಸ್ತಾರೆ, ಎಕ್ಸ್‌ರೇ ತೆಗೀತಾರೆ, ಅನುಮಾನ ಉಳಿದ್ರೆ ಅತಿ ವೇಗದ ನೀರಿನ ಹೊಡೆತದಿಂದ ಚೂರು ಮಾಡ್ತಾರೆ. ಒಳಗಿರಬಹುದಾದ ಸರ್ಕ್ಯೂಟು ಕೆಲಸ ಮಾಡೋ ಮೊದಲೇ ಅದನ್ನ ಒಡೆಯಬೇಕಲ್ಲ. ಅವರ ಕೆಲಸ ಸರಿಯಾಗಿಯೇ ಇದೆ. ಬದಲಾಗಬೇಕಾದ್ದು ನಮ್ಮ ಡಬ್ಬಿ.

ಪೇಟೆಯೊಳಗೆ ಪಾರದರ್ಶಕ ಡಬ್ಬಿಯೇ ಇಡಿ. ಸುಲಭವಾಗಿ ಸಿಕ್ಕಿಬಿಡುತ್ತೆ ಅಂತ ಕೆಲವರು ಬೇಡ ಅಂತಾರೆ. ಸಿಗಲಿ ಬಿಡಿ. ಮುಚ್ಚಳದ ಮೇಲೂ ಮುಂಭಾಗದಲ್ಲೂ ಇದು ಜಿಯೋಕ್ಯಾಶ್ ಅಂತ ಆ ಊರಿನ ಭಾಷೆಯಲ್ಲಿ ಬರೀರಿ, ಜೊತೆಗೆ ಆಟದ ವೆಬ್‌ಸೈಟಿನಲ್ಲಿ ಆ ಡಬ್ಬಿಗೆ ಇರೋ, ಜಿಸಿ ಅಂತ ಶುರುವಾಗೋ ಕೋಡ್. ಮಾಮೂಲಿ ಮಾರ್ಕರ್ ಪೆನ್ನಿನ ಬರಹ ಬಿಸಿಲಿಗೆ ಮಾಸಿಹೋಗುತ್ತೆ. ಪೇಂಟ್ ಮಾರ್ಕರ್ ಬಳಸಿ, ಇಲ್ಲಾಂದ್ರೆ ಪ್ರಿಂಟ್ ಮಾಡಿದ ಚೀಟಿ ಅಂಟಿಸಿ ಮೇಲೆ ಅಗಲದ ಸೆಲ್ಲೋಟೇಪ್ ಹಾಕಿ. ಮದ್ದುಗುಂಡಿನ ಪೆಟ್ಟಿಗೆ ಕಾಡಿಗೆ ಒಳ್ಳೇದೇ, ನೀರು ಒಳಗೆ ಹೋಗಲ್ಲ. ಆದ್ರೆ ಹಳೇ ಅಕ್ಷರ ಉಜ್ಜಿ ತೆಗೆದು, ಬೇರೆ ಬಣ್ಣ ಬಳಿದು ಆಮೇಲೆ ಇಡಿ.

ಜಾಗಕ್ಕೂ ನಿಯಮ ಇದೆ. ಶಾಲೆ, ಸೇನೆಯ ಜಾಗ, ವಿಮಾನ ನಿಲ್ದಾಣ, ರೈಲು ಹಳಿಯ ಪಕ್ಕ, ಇಲ್ಲೆಲ್ಲ ಬೇಡ. ಅಂಗಡಿಯ ಮುಂದೆ ಇಡೋದಾದ್ರೆ ಮಾಲೀಕರ ಒಪ್ಪಿಗೆ ಬೇಕು. ಇಲ್ಲಿ ಬಹಳ ಜನ ಎಡವೋದು ಎಲ್ಲಿ ಅಂದ್ರೆ, ಮಾಲೀಕರಿಗೆ ಗೊತ್ತಿರುತ್ತೆ, ಸಂಜೆ ಪಾಳಿಯ ಹುಡುಗನಿಗೆ ಗೊತ್ತಿರಲ್ಲ. ಪೊಲೀಸರಿಗೆ ಫೋನ್ ಮಾಡೋದು ಅವನೇ. ಕ್ಯಾಶ್ ಕೌಂಟರ್ ಹಿಂದೆ ಒಂದು ಚೀಟಿ ಅಂಟಿಸಿ ಬನ್ನಿ.

ಈಗ ಹುಡುಕೋರ ಕಡೆ ಬರೋಣ. ಅಮೆರಿಕದ ಪಾರ್ಕಿಂಗ್ ಜಾಗಗಳಲ್ಲಿ ದೀಪದ ಕಂಬದ ಬುಡಕ್ಕಿರೋ ಲೋಹದ ಕವಚ ಎತ್ತಿದ್ರೆ ಕೆಳಗೆ ಫಿಲ್ಮ್ ಡಬ್ಬಿ ಇರೋದು ತುಂಬಾ ಸಾಮಾನ್ಯ. ರಾತ್ರಿ ಹೊತ್ತು ಕಂಬದ ಬುಡದಲ್ಲಿ ಟಾರ್ಚ್ ಹಿಡಿದು ಕೂತಿದ್ರೆ ಪೊಲೀಸ್ ಕಾರು ನಿಲ್ಲದೆ ಇರುತ್ತಾ? ನಿಂತಾಗ ಹುಡುಕೋದು ಬಿಡಿ. ಕೈಗಳು ಕಾಣೋ ಹಾಗೆ ಇರಲಿ, ಜೇಬಿಗಾಗಲೀ ಬ್ಯಾಗಿಗಾಗಲೀ ಹೋಗಬಾರದು. ಡಬ್ಬಿ ಕೈಯಲ್ಲಿದ್ರೆ ಅವಸರವಾಗಿ ಬಚ್ಚಿಡಬೇಡಿ. ಜಿಯೋಕ್ಯಾಶಿಂಗ್ ಮಾಡ್ತಿದ್ದೀನಿ, ಜಿಪಿಎಸ್‌ನಲ್ಲಿ ಡಬ್ಬಿ ಹುಡುಕೋ ಆಟ, ಇದರ ವೆಬ್ ಪುಟ ಫೋನಲ್ಲಿದೆ, ತೆಗೆದು ತೋರಿಸಲಾ ಅಂತ ಕೇಳಿ. ಅವರು ಹೂಂ ಅಂದಮೇಲೆ ತೆಗೀರಿ. ದಾರಿಹೋಕರು ಕೇಳಿದಾಗ ಕೀ ಕಳೆದುಹೋಗಿದೆ ಅನ್ನೋದು ಈ ಆಟದಲ್ಲಿ ರೂಢಿ. ಪೊಲೀಸರ ಹತ್ರ ಆ ಮಾತು ಬೇಡವೇ ಬೇಡ.

ಕಾರಲ್ಲಿದ್ರೆ ಇನ್ನೊಂದು ವಿಷಯ. ನಮ್ಮೂರಲ್ಲಿ ಪೊಲೀಸರು ಕೈ ತೋರಿಸಿದ್ರೆ ಇಳಿದು ಹೋಗಿ, ಸಾರ್ ಅಂತ ಮಾತಾಡೋದು ಮರ್ಯಾದೆ. ಅಮೆರಿಕದಲ್ಲಿ ಹಾಗೆ ಇಳಿದು ನಡೆದುಬಂದ್ರೆ ಬೆದರಿಕೆ ಅಂತ ತಿಳ್ಕೋತಾರೆ. ಕಾರಲ್ಲೇ ಕೂತಿರಿ, ಎರಡೂ ಕೈ ಸ್ಟೀರಿಂಗ್ ಮೇಲೆ. ಬೆಂಗಳೂರಿಂದ ಮಕ್ಕಳ ಮನೆಗೆ ಬಂದಿರೋ ಅಪ್ಪ ಅಮ್ಮ ಜೊತೆಗಿದ್ರೆ ಅವರಿಗೂ ಮೊದಲೇ ಹೇಳಿಡಿ.

ನೀವು ತಲುಪೋ ಹೊತ್ತಿಗೆ ಅಲ್ಲಿ ಹಳದಿ ಪಟ್ಟಿ ಕಟ್ಟಿ ಜನರನ್ನ ದೂರ ನಿಲ್ಲಿಸಿದ್ದಾರೆ ಅಂದ್ಕೊಳ್ಳಿ. ಒಳಗೆ ನುಗ್ಗಿ ಅದು ನಮ್ದೇ ಅನ್ನಬೇಡಿ. ಪಟ್ಟಿಯ ಹತ್ರ ಇರೋ ಅಧಿಕಾರಿಗೆ ಮೂರೇ ವಿಷಯ ಹೇಳಿ: ಜಿಸಿ ಕೋಡ್, ಡಬ್ಬಿಯ ಅಳತೆ ಮತ್ತು ಬಣ್ಣ, ನಿಖರವಾಗಿ ಎಲ್ಲಿಟ್ಟಿದೆ. ಆಮೇಲೂ ಸ್ಫೋಟಿಸೋದು ಬಿಡೋದು ಅವರ ತೀರ್ಮಾನ.

ಕೊನೆಗೆ, ನಾವೇ ಸಹಾಯಕ್ಕೆ ಕರೀಬೇಕಾದ ಸಂದರ್ಭ. ಕಾಲು ಉಳುಕಿದೆ, ಅಮೆರಿಕದಲ್ಲಿ 911ಕ್ಕೆ ಫೋನ್ ಮಾಡಿದ್ದೀರಿ, ಜಾಗ ಕೇಳ್ತಾರೆ. ಜಿಯೋಕ್ಯಾಶ್‌ನ ವೆಬ್ ಪುಟದಲ್ಲಿ ಇರೋದು ಡಿಗ್ರಿ ಮತ್ತು ದಶಮಾಂಶ ನಿಮಿಷ. ಉದಾಹರಣೆಗೆ: ಉತ್ತರ 47 ಡಿಗ್ರಿ, 36.120 ನಿಮಿಷ. ನಿಮಿಷವನ್ನ 60ರಿಂದ ಭಾಗಿಸಬೇಕು, ಆಗ 47.602 ಡಿಗ್ರಿ ಆಗುತ್ತೆ. ಹಾಗೆ ಮಾಡದೆ 47.36120 ಅಂತ ಓದಿಬಿಟ್ರೆ ರಕ್ಷಣಾ ತಂಡ ಸುಮಾರು 27 ಕಿಲೋಮೀಟರ್ ದಕ್ಷಿಣಕ್ಕೆ ಹೋಗುತ್ತೆ. ಸಿಯಾಟಲ್ ಬದಲು ಕೆಂಟ್ ಊರಿನ ಕಡೆಗೆ. ಹಾಗಾಗಿ ಡಿಗ್ರಿ, ನಿಮಿಷ ಅನ್ನೋ ಪದಗಳನ್ನ ಬಾಯಿಬಿಟ್ಟು ಹೇಳಿ, ಅವರಿಂದ ತಿರುಗಿ ಓದಿಸಿ. ಸಿಗ್ನಲ್ ಇಲ್ಲದ ಕಡೆ ಸೀಟಿ. ಅಮೆರಿಕದಲ್ಲಿ ಮೂರು ಸಲ ಊದೋದು ರೂಢಿ. ಬ್ರಿಟನ್, ಯುರೋಪಿನ ಬೆಟ್ಟಗಳಲ್ಲಾದ್ರೆ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು. ಮೂರು ಸಲ ಉತ್ತರ ಬಂದ್ರೆ ಅವರಿಗೆ ಕೇಳಿಸಿದೆ ಅಂತ.

ಅಮೆರಿಕದಲ್ಲಿ ಬೆಟ್ಟಕ್ಕೆ ಉಪಗ್ರಹ ಸಂದೇಶ ಸಾಧನ ಒಯ್ಯೋದು ಜಾಣತನ. ರಜೆಗೆ ಊರಿಗೆ ಬರುವಾಗ ಅದನ್ನ ಅಲ್ಲೇ ಬಿಟ್ಟು ಬನ್ನಿ. ಗಾರ್ಮಿನ್ ಇನ್‌ರೀಚ್‌ನಂಥದ್ದು ಸರ್ಕಾರದ ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ, ವಿಮಾನ ನಿಲ್ದಾಣದಲ್ಲೇ ಹಿಡೀತಾರೆ. ಭಾರತದಲ್ಲಿ ತುರ್ತಿಗೆ ಫೋನ್ ಮಾಡಬೇಕಾದ ನಂಬರ್ 112.